ಮೂರು ವಾರದ ಬೆಳೆ, ಭರವಸೆಯಿಲ್ಲದ ನೆಲ: ಆಫ್ರಿಕದ ನಗರದಂಚಿನ ತರಕಾರಿ ಬೆಳೆಗಾರರು



ಘಾನಾದ ಅಕ್ರಾ, ಸೆನೆಗಲ್‌ನ ಡಕಾರ್, ಟಾಂಜಾನಿಯಾದ ದಾರ್ ಎಸ್ ಸಲಾಮ್, ಕಾಂಗೋದ ಕಿನ್ಶಾಸಾ, ಹೀಗೆ ಆಫ್ರಿಕದ ಯಾವ ದೊಡ್ಡ ಊರನ್ನು ತೆಗೆದುಕೊಂಡರೂ ಅದರ ಅಂಚಿನಲ್ಲಿ, ಎಷ್ಟೋ ಕಡೆ ನಟ್ಟನಡುವೆಯೇ, ತರಕಾರಿ ಮಡಿಗಳು ಸಿಗುತ್ತವೆ. ಈ ಬೇಸಾಯದ ಬಗ್ಗೆ ಕಳೆದ ನಾಲ್ಕು ದಶಕಗಳಲ್ಲಿ ಸಾಕಷ್ಟು ಬರೆಯಲಾಗಿದೆ. ಬರೆದವರಲ್ಲಿ ಸ್ಥೂಲವಾಗಿ ಎರಡು ಬಣ. ಒಂದು ಬಣಕ್ಕೆ ಇದು ಬಡವರ ಹಸಿವಿಗೆ ಸಿಕ್ಕ ಮದ್ದು. ಇನ್ನೊಂದು ಬಣಕ್ಕೆ ಇದು ಕೊಳಚೆನೀರು ತಟ್ಟೆಗೆ ಬಂದು ಸೇರುವ ದಾರಿ. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಇಬ್ಬರೂ ಹೆಚ್ಚು ಹೊತ್ತು ನಿಲ್ಲದೆ ದಾಟಿ ಹೋಗುವ ಪ್ರಶ್ನೆಯೊಂದಿದೆ: ಈ ನೆಲ ಬೆಳೆಗಾರನ ಕೈಯಲ್ಲಿ ಎಷ್ಟು ದಿನ ಇರುತ್ತದೆ? ನಾಳೆ ಇಲ್ಲಿರುತ್ತೇನೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವನು ಏನನ್ನು ಬಿತ್ತುತ್ತಾನೆ, ಯಾವ ನೀರು ಹಾಯಿಸುತ್ತಾನೆ, ಏನನ್ನು ಕಟ್ಟಿಸದೆ ಬಿಡುತ್ತಾನೆ ಎಂಬುದನ್ನು ಬಿಡಿಸುತ್ತಾ ಹೋದರೆ, ಹಸಿವಿನ ಪ್ರಶ್ನೆಯೂ ರೋಗದ ಪ್ರಶ್ನೆಯೂ ಅದರೊಳಗೇ ಸಿಕ್ಕಿಕೊಂಡಿರುವುದು ಕಾಣುತ್ತದೆ. ಇಂದಿನ ಉಪನ್ಯಾಸದ ವಾದ ಇದು.

ಮೊದಲು ಒಂದು ಭ್ರಮೆಯನ್ನು ಬದಿಗಿಡೋಣ. ನಗರದ ತೋಟಗಳು ನಗರಕ್ಕೆ ಅನ್ನ ಹಾಕುವುದಿಲ್ಲ. ಅಕ್ರಾದ ಮೆಕ್ಕೆಜೋಳ, ಮರಗೆಣಸು, ಸುವರ್ಣಗೆಡ್ಡೆಯ ಬಳಗದ ಗೆಡ್ಡೆಗಳು ದೂರದ ಹಳ್ಳಿಗಳಿಂದ ಬರುತ್ತವೆ. ಈರುಳ್ಳಿ ನೈಜರ್ ದೇಶದಿಂದ, ಬೇಸಿಗೆಯ ಟೊಮೆಟೊ ಬುರ್ಕಿನಾ ಫಾಸೋದಿಂದ ಲಾರಿಯಲ್ಲಿ ಬರುತ್ತದೆ. ಅಕ್ಕಿ, ಗೋಧಿ ಹಡಗಿನಲ್ಲಿ. ಹಾಗಿದ್ದರೆ ಊರಿನ ತೋಟಕ್ಕೆ ಉಳಿಯುವುದೇನು? ಸೊಪ್ಪು. ಬೆಳಿಗ್ಗೆ ಕಿತ್ತ ಹರಿವೆ ಸೊಪ್ಪು ಆ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಶೀತಲ ಲಾರಿಗಳು, ಶೈತ್ಯಾಗಾರಗಳು ಅಪರೂಪ, ಎಷ್ಟೋ ಮನೆಗಳಲ್ಲಿ ಫ್ರಿಜ್ ಕೂಡ ಇಲ್ಲ. ಬಾಡುವ ಸರಕನ್ನು ಕೊಳ್ಳುವವರ ಹತ್ತಿರವೇ ಬೆಳೆಯಬೇಕು. ಜರ್ಮನಿಯ ಫಾನ್ ಥ್ಯೂನೆನ್ 1826ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ನಗರವನ್ನು ನಡುವಿಟ್ಟು ಬೇಸಾಯದ ಉಂಗುರಗಳನ್ನು ಬಿಡಿಸಿದಾಗ ಮೊದಲ ಉಂಗುರದಲ್ಲಿ ಇಟ್ಟದ್ದು ತರಕಾರಿ ಮತ್ತು ಹಾಲನ್ನೇ. ಯೂರೋಪಿನ ನಗರಗಳಲ್ಲಿ ರೈಲು ಮತ್ತು ಮಂಜುಗಡ್ಡೆ ಬಂದು ಆ ಉಂಗುರವನ್ನು ಅಳಿಸಿದವು. ಆಫ್ರಿಕದಲ್ಲಿ ಅದು ಇನ್ನೂ ಅಳಿದಿಲ್ಲ. ದಾರ್ ಎಸ್ ಸಲಾಮ್ ಕುರಿತ 1990ರ ದಶಕದ ಅಧ್ಯಯನಗಳು ಆ ನಗರದ ಮಾರುಕಟ್ಟೆಗೆ ಬರುವ ಸೊಪ್ಪಿನಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಊರೊಳಗಿನ ಬಯಲುಗಳಿಂದ ಮತ್ತು ಮನೆಯಂಗಳಗಳಿಂದ ಬರುತ್ತದೆಂದು ಅಂದಾಜಿಸಿದ್ದವು. ಕಿನ್ಶಾಸಾದ ತೋಟಗಳು ವರ್ಷಕ್ಕೆ 75,000ದಿಂದ 85,000 ಟನ್ ತರಕಾರಿ, ಅಂದರೆ ನಗರದ ಪೂರೈಕೆಯ ಸುಮಾರು ಶೇ. 65ರಷ್ಟು, ಕೊಡುತ್ತವೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2012ರ ವರದಿಯಲ್ಲಿ ಹೇಳಿತು. ಅಂದಾಜುಗಳನ್ನು ಅಂದಾಜುಗಳೆಂದೇ ನೋಡಬೇಕು. ಆದರೂ ಮಾತಿನ ತೂಕ ಸ್ಪಷ್ಟವಾಗಿದೆ.

ಈ ಸೊಪ್ಪುಗಳ ಹೆಸರು ಕೇಳಿದರೆ ಕನ್ನಡದ ಅಡುಗೆಮನೆಗೆ ಅವು ಅಪರಿಚಿತವಲ್ಲ ಎಂಬುದು ಗೊತ್ತಾಗುತ್ತದೆ. ಸ್ವಾಹಿಲಿಯ ‘ಮ್ಚಿಚಾ’ ಎಂದರೆ ನಮ್ಮ ಹರಿವೆಯ ಜಾತಿ. ಕಿನ್ಶಾಸಾದಲ್ಲಿ ಅದಕ್ಕೆ ‘ಬಿತೆಕುತೆಕು’ ಎನ್ನುತ್ತಾರೆ. ಅಲ್ಲಿನ ‘ಙೈ-ಙೈ’ ಹುಳಿ ಸೊಪ್ಪು ಕಲಬುರಗಿ, ವಿಜಯಪುರದ ಮನೆಗಳಲ್ಲಿ ಪಲ್ಯವಾಗುವ ಪುಂಡಿಯ ಬಳಗದ್ದೇ. ಅದೇ ಗಿಡದ ಕೆಂಪು ಪುಷ್ಪಪಾತ್ರೆಯಿಂದ ಡಕಾರ್‌ನವರು ‘ಬಿಸಾಪ್’ ಎಂಬ ಪಾನಕ ಮಾಡುತ್ತಾರೆ. ಕೀನ್ಯಾದವರು ಬೇಯಿಸಿ ತಿನ್ನುವ ‘ಮನಗು’ ನಮ್ಮ ಗಣಿಕೆ ಸೊಪ್ಪಿನ ದಾಯಾದಿ. ರಾಗಿ, ಅಲಸಂದೆ, ಬೆಂಡೆ ಆ ಖಂಡದಿಂದ ನಮ್ಮ ಕಡೆಗೆ ಬಂದವು ಎಂಬುದು ಸಸ್ಯಶಾಸ್ತ್ರಜ್ಞರಲ್ಲಿ ಬಹುಪಾಲು ಒಪ್ಪಿತ. ಹಾಗಾಗಿ ಈ ಸಭೆಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ.

ಇನ್ನು ನೆಲಕ್ಕೆ ಬರೋಣ. ಥ್ಯೂನೆನ್‌ನ ಉಂಗುರ ಕಾಗದದ ಮೇಲೆ ದುಂಡಗಿದೆ. ಅಕ್ರಾದಲ್ಲಿ ಅದು ಚೂರುಚೂರು. ಜೋರ್ವುಲು ಎಂಬಲ್ಲಿ ಹೈಟೆನ್ಷನ್ ವಿದ್ಯುತ್ ತಂತಿಗಳ ಕೆಳಗೆ ಮಡಿಗಳಿವೆ. ಕೊರ್ಲೆ ಬು ದೊಡ್ಡಾಸ್ಪತ್ರೆಯ ಸುತ್ತಲ ಜಾಗದಲ್ಲಿವೆ. ವಿಮಾನ ನಿಲ್ದಾಣದ ಆಸುಪಾಸು, ದಂಡುಪ್ರದೇಶದ ಬೇಲಿಯಾಚೆ, ಹಳ್ಳದ ದಡದಲ್ಲಿವೆ. ಇವೆಲ್ಲ ಯಾರದೋ ಜಮೀನು: ಸರ್ಕಾರದ್ದು, ವಿದ್ಯುತ್ ಸಂಸ್ಥೆಯದು, ವಿಶ್ವವಿದ್ಯಾಲಯದ್ದು, ಸೇನೆಯದು, ಇಲ್ಲವೇ ಬುಡಕಟ್ಟಿನ ಮುಖಂಡರ ಅಧೀನದ್ದು. ಕಟ್ಟಲು ಬಾರದ ನೆಲ, ಇಲ್ಲವೇ ಇನ್ನೂ ಕಟ್ಟಿಲ್ಲದ ನೆಲ. ನಮ್ಮ ಕಂದಾಯ ದಫ್ತರದ ಮಾತಿನಲ್ಲಿ ಹೇಳುವುದಾದರೆ ಖರಾಬು. ಬೆಳೆಗಾರ ಅಲ್ಲಿ ಇರುವುದು ಬಾಯಿಮಾತಿನ ಒಪ್ಪಿಗೆಯ ಮೇಲೆ. ಬಹಳ ಕಡೆ ಗೇಣಿಯೂ ಇಲ್ಲ. ಸಂಸ್ಥೆಗೆ ಲಾಭವೇ: ಪೊದೆ ಬೆಳೆಯುವುದಿಲ್ಲ, ಕಸ ಸುರಿಯುವವರು, ಗುಡಿಸಲು ಹಾಕುವವರು ಹತ್ತಿರ ಬರುವುದಿಲ್ಲ, ಕಾವಲುಗಾರನಿಗೆ ಸಂಬಳ ಕೊಡಬೇಕಿಲ್ಲ. ಮುಖಂಡರಿಗೆ ಸಂಪ್ರದಾಯದಂತೆ ‘ಪಾನೀಯ’ದ ಕಾಣಿಕೆ ಸಲ್ಲುವುದುಂಟು. ಕಾಗದ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಹತ್ತಾರು ವರ್ಷ ಅದೇ ಮಡಿಗಳಲ್ಲಿ ಬೆಳೆದವರಿದ್ದಾರೆ. ಆದರೆ ಆ ಹತ್ತಾರು ವರ್ಷಗಳಲ್ಲಿ ಒಂದು ವರ್ಷಕ್ಕೂ ಖಾತ್ರಿ ಇದ್ದುದಿಲ್ಲ. ದೀರ್ಘ ಕಾಲ ಉಳಿದದ್ದೇ ಬೇರೆ, ಉಳಿಯುತ್ತೇನೆ ಎಂಬ ಭರವಸೆಯೇ ಬೇರೆ. ನಗರಾಡಳಿತಗಳು ಈ ವ್ಯತ್ಯಾಸವನ್ನು ಗಮನಿಸಿದಂತೆ ಕಾಣುವುದಿಲ್ಲ.

ಈ ಅನಿಶ್ಚಯ ಬೆಳೆಯನ್ನು ಆರಿಸುತ್ತದೆ. ಹರಿವೆ ಬಿತ್ತಿದ ಮೂರು, ನಾಲ್ಕು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಲೆಟ್ಯೂಸ್ ಸಸಿಮಡಿಯಿಂದ ಕಿತ್ತು ನಾಟಿ ಮಾಡಿದ ಮೇಲೆ ತಿಂಗಳು, ತಿಂಗಳೂವರೆ. ಬುಲ್‌ಡೋಜರ್ ಬಂದರೂ ಕಳೆದುಹೋಗುವುದು ಒಂದು ತಿಂಗಳ ದುಡಿಮೆ. ನಿಂಬೆ, ಮಾವು, ಬಾಳೆ ನೆಡಬೇಕಾದರೆ ವರ್ಷಗಳ ನಂಬಿಕೆ ಬೇಕು. ಘಾನಾ ಮತ್ತು ಇತರ ಹಲವು ಸಮಾಜಗಳಲ್ಲಿ ಮರ ನೆಡುವುದೆಂದರೆ ನೆಲದ ಮೇಲೆ ಹಕ್ಕು ಸ್ಥಾಪಿಸಲು ಹೊರಟಂತೆ. ಆದ್ದರಿಂದ ಒಡೆಯರೇ ಅದಕ್ಕೆ ಬಿಡುವುದಿಲ್ಲ. ಹೀಗೆ ಎರಡು ಕಡೆಯಿಂದಲೂ ಬೆಳೆಗಾರ ಸೊಪ್ಪಿನತ್ತ ತಳ್ಳಲ್ಪಡುತ್ತಾನೆ. ಪೇಟೆಗೆ ಬೇಕಾದದ್ದೂ ಅದೇ ಆಗಿರುವುದು ಅವನ ಅದೃಷ್ಟ.

ಆದರೆ ಸೊಪ್ಪಿಗೆ ದಿನವೂ ನೀರು ಬೇಕು. ಅಕ್ರಾದ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ 800 ಮಿ.ಮೀ. ಆಸುಪಾಸು. ಅದೂ ಎರಡು ಕಂತಿನಲ್ಲಿ. ಉಳಿದ ತಿಂಗಳು ನೀರು ಹೊರಬೇಕು. ಲೆಕ್ಕ ಹಾಕಿ ನೋಡಿ. ಒಣಹವೆಯಲ್ಲಿ ಒಂದು ಚದರ ಮೀಟರ್ ಸೊಪ್ಪಿನ ಮಡಿಗೆ ದಿನಕ್ಕೆ 6 ಲೀಟರ್ ಎಂದಿಟ್ಟುಕೊಳ್ಳೋಣ. 500 ಚದರ ಮೀಟರ್ ಮಡಿಗಳಿಗೆ 3,000 ಲೀಟರ್. ಕೈಗೊಂದರಂತೆ 15 ಲೀಟರಿನ ಎರಡು ರೋಸ್‌ಕ್ಯಾನ್ ಹಿಡಿದರೆ ಒಂದು ಸುತ್ತಿಗೆ 30 ಲೀಟರ್. ಅಂದರೆ ದಿನಕ್ಕೆ ನೂರು ಸುತ್ತು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ತುಂಬಿದ ಎರಡು ಕ್ಯಾನಿನ ಭಾರ 30 ಕಿಲೋ ದಾಟುತ್ತದೆ. ನೀರು ಇಪ್ಪತ್ತು ಮೀಟರ್ ದೂರವಿದ್ದರೂ ದಿನಕ್ಕೆ ನಾಲ್ಕು ಕಿಲೋಮೀಟರ್ ನಡಿಗೆ, ಅದರಲ್ಲಿ ಅರ್ಧ ದಾರಿ ಹೊರೆಹೊತ್ತು. ನೀರು ಎಷ್ಟು ಹತ್ತಿರವಿದೆ ಎಂಬುದು ಇಲ್ಲಿ ಮೈಯ ಪ್ರಶ್ನೆ. ಹಾಗಾಗಿ ಅತಿ ಹತ್ತಿರದ ನೀರೇ ಗೆಲ್ಲುತ್ತದೆ. ಊರೊಳಗೆ ಅತಿ ಹತ್ತಿರದ ನೀರು ಯಾವುದು? ಚರಂಡಿಯದು.

ಕೊಳವೆಬಾವಿ ಕೊರೆಸಬಹುದಲ್ಲ, ಪಂಪು ಇಟ್ಟು ಪೈಪು ಎಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಬಾಡಿಗೆ ಪಂಪುಗಳನ್ನು ಬಳಸುವವರು ಇದ್ದಾರೆ. ಆದರೆ ಪಂಪು ಇಡಲು ಶೆಡ್ ಬೇಕು, ಶೆಡ್ ಕಟ್ಟಲು ಅನುಮತಿ ಬೇಕು, ಅನುಮತಿ ಕೊಟ್ಟರೆ ಹಕ್ಕು ಕೊಟ್ಟಂತಾಗುತ್ತದೆಂದು ಒಡೆಯರಿಗೆ ಅಂಜಿಕೆ. ಸಾಲ ಕೊಡುವ ಬ್ಯಾಂಕು ಪಹಣಿ ಕೇಳುತ್ತದೆ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎನ್ನುವವನು ಸ್ವಂತ ದುಡ್ಡಿನಲ್ಲಿ ಬಾವಿ ಕೊರೆಸುವುದಿಲ್ಲ, ನಲ್ಲಿನೀರು ಕೊಂಡರೆ ಸೊಪ್ಪಿನ ಬೆಲೆಯಲ್ಲಿ ಗಿಟ್ಟುವುದಿಲ್ಲ. ಹೀಗೆ ನೆಲದ ಅನಿಶ್ಚಯ ಬೆಳೆಯನ್ನು, ಬೆಳೆ ನೀರನ್ನು, ನೀರು ರೋಗಾಣುವನ್ನು ಎಳೆದು ತರುತ್ತದೆ. ಚರಂಡಿ ನೀರು ಹಾಯಿಸುವುದನ್ನು ಬೆಳೆಗಾರನ ಅಜ್ಞಾನವೆಂದು ಬಗೆಯುವ ವರದಿಗಳನ್ನು ಓದುವಾಗ ನನಗೆ ಬೇಸರವಾಗುತ್ತದೆ. ಅವನಿಗೆ ಗೊತ್ತಿರುವುದು ಕಡಿಮೆಯಲ್ಲ, ಕೈಗೆಟಕುವುದು ಕಡಿಮೆ.

ಅಕ್ರಾ ನಗರಾಡಳಿತದ ಉಪವಿಧಿಯಲ್ಲಿ ಚರಂಡಿ ನೀರನ್ನು ಬೆಳೆಗೆ ಹಾಯಿಸಕೂಡದೆಂಬ ನಿಷೇಧವಿದೆ. ಜಾರಿ ಮಾತ್ರ ಆಗಾಗ, ಅಲ್ಲಲ್ಲಿ. ಇದರಲ್ಲೊಂದು ವಿಚಿತ್ರ ಇತಿಹಾಸವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ರಾದಲ್ಲಿದ್ದ ಮಿತ್ರಪಡೆಗಳ ಊಟಕ್ಕೆಂದು ತರಕಾರಿ ಬೆಳೆಯಲು ವಸಾಹತು ಸರ್ಕಾರವೇ ಉತ್ತೇಜನ ಕೊಟ್ಟಿತ್ತು. 1972ರ ಜನವರಿಯಲ್ಲಿ ಸೇನಾದಂಗೆಯಿಂದ ಅಧಿಕಾರ ಹಿಡಿದ ಅಚೆಂಪಾಂಗ್, ಅದೇ ವರ್ಷ ‘ನಿಮ್ಮ ಅನ್ನ ನೀವೇ ಬೆಳೆಯಿರಿ’ ಎಂಬ ಅರ್ಥದ ಆಂದೋಲನ ಹೂಡಿ, ನಗರವಾಸಿಗಳಿಗೂ ಖಾಲಿ ಜಾಗದಲ್ಲಿ ಬೆಳೆಯಲು ಕರೆ ಕೊಟ್ಟರು. ಕೊರತೆ ಬಂದಾಗ ಕರೆಯುವುದು, ಕೊರತೆ ತೀರಿದಾಗ ಎತ್ತಂಗಡಿ ಮಾಡುವುದು, ಇದು ಘಾನಾಕ್ಕೆ ಮಾತ್ರ ಸೀಮಿತವಾದ ಚಾಳಿಯಲ್ಲ. ಟಾಂಜಾನಿಯಾದಲ್ಲೂ 1970ರ ದಶಕದ ಆಹಾರದ ಬಿಕ್ಕಟ್ಟಿನಲ್ಲಿ ಸರ್ಕಾರವೇ ನಗರದವರ ಕೈಗೆ ಗುದ್ದಲಿ ಕೊಟ್ಟಿತು.

ಆರೋಗ್ಯದ ಮಾತನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಎತ್ತಂಗಡಿಗೆ ಕೊಡುವ ಮುಖ್ಯ ಕಾರಣ ಅದೇ. ವಿಶ್ವ ಆರೋಗ್ಯ ಸಂಸ್ಥೆಯ 1989ರ ಮಾರ್ಗಸೂಚಿ, ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 1,000 ಮೀರಬಾರದೆಂದು ಹೇಳಿತ್ತು. ಅಕ್ರಾ ಮತ್ತು ಘಾನಾದ ಇನ್ನೊಂದು ದೊಡ್ಡ ಊರಾದ ಕುಮಾಸಿಗಳ ಹಳ್ಳದ ನೀರು ಈ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ. ಆ ಅಳತೆಗೋಲು ಹಿಡಿದರೆ ತೋಟಗಳನ್ನೆಲ್ಲ ಮುಚ್ಚಬೇಕು. ಮುಚ್ಚಿದರೆ ಸೊಪ್ಪಿಲ್ಲ, ದುಡಿಮೆಯಿಲ್ಲ. ಮುಚ್ಚದಿದ್ದರೆ ನಿಯಮ ಬರೀ ಕಾಗದದ್ದು. 2006ರಲ್ಲಿ ಆ ಸಂಸ್ಥೆ ತನ್ನ ವಿಧಾನವನ್ನೇ ಬದಲಿಸಿತು. ನೀರಿನ ಒಂದೇ ಮಿತಿಗೆ ಜೋತುಬೀಳದೆ, ತೋಟದಿಂದ ತಟ್ಟೆಯವರೆಗಿನ ದಾರಿಯಲ್ಲಿ ಒಂದರ ಮೇಲೊಂದು ತಡೆಗಳನ್ನು ಹಾಕಿ, ಅವೆಲ್ಲ ಕೂಡಿ ರೋಗದ ಅಪಾಯವನ್ನು ಎಷ್ಟು ತಗ್ಗಿಸುತ್ತವೆ ಎಂದು ನೋಡುವ ಕ್ರಮ ಅದು. ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆಯ ಅಕ್ರಾ ಕಚೇರಿಯ ಸಂಶೋಧಕರು ಘಾನಾದ ಬೆಳೆಗಾರರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿ ಅಂಥ ತಡೆಗಳನ್ನು ಪರೀಕ್ಷಿಸಿದರು.

ಅವರು ಕಂಡುಕೊಂಡದ್ದು ಬಹಳ ಸರಳ, ಅದೇ ಅದರ ಸೊಗಸು. ಕ್ಯಾನಿನ ನೀರನ್ನು ಎದೆಯೆತ್ತರದಿಂದ ಸುರಿದರೆ ಮಣ್ಣು ಎಗರಿ ಎಲೆಗೆ ಅಂಟುತ್ತದೆ, ಆ ಮಣ್ಣಿನಲ್ಲೇ ಕೋಳಿಗೊಬ್ಬರದ ರೋಗಾಣುಗಳೂ ಇರುತ್ತವೆ. ಬಾಯಿಗೆ ಜರಡಿ ಹಾಕಿ, ಮೊಣಕಾಲಿಗಿಂತ ಕೆಳಗೆ ಹಿಡಿದು ಮೆಲ್ಲಗೆ ಸುರಿದರೆ ಎಗರುವುದು ಕಡಿಮೆ. ಹಳ್ಳದ ನೀರನ್ನು ಗುಂಡಿಯಲ್ಲಿ ಕಲಕದೆ ಒಂದೆರಡು ದಿನ ನಿಲ್ಲಿಸಿದರೆ ಜಂತುಹುಳುವಿನ ಮೊಟ್ಟೆಗಳು ತಳಕ್ಕಿಳಿಯುತ್ತವೆ, ಆಮೇಲೆ ಮೇಲಿನ ನೀರನ್ನಷ್ಟೇ ತೆಗೆಯಬೇಕು. ಕ್ಯಾನನ್ನು ಗುಂಡಿಯ ತಳಕ್ಕೆ ಅದ್ದಿ ಎತ್ತುವ ಅಭ್ಯಾಸ ಬಿಡಬೇಕು. ಕೊಯ್ಲಿಗೆ ಮುಂಚೆ ಕೆಲ ದಿನ ನೀರು ನಿಲ್ಲಿಸಿದರೆ ಬಿಸಿಲೇ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಬೇಸಿಗೆಯಲ್ಲಿ ಹಾಗೆ ಮಾಡಿದರೆ ಲೆಟ್ಯೂಸ್ ತೂಕ ಕಳೆದುಕೊಂಡು ಸೊರಗುತ್ತದೆ, ಹಾಗಾಗಿ ಬೆಳೆಗಾರರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಹಸಿ ಕೋಳಿಗೊಬ್ಬರದ ಬದಲು ಕಳಿತ ಗೊಬ್ಬರ ಹಾಕಬೇಕು. ಕೊನೆಗೆ, ಅಡುಗೆಮನೆಯಲ್ಲಿ ಎಲೆ ಬಿಡಿಸಿ ವಿನೆಗರ್ ಅಥವಾ ಬ್ಲೀಚ್ ಬೆರೆಸಿದ ನೀರಿನಲ್ಲಿ ಸಾಕಷ್ಟು ಹೊತ್ತು ನೆನೆಸಿ ತೊಳೆಯಬೇಕು. ಈ ಪರೀಕ್ಷೆಗಳಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು: ಮಾಲಿನ್ಯ ಹೆಚ್ಚಾಗಿ ತೋಟದಲ್ಲೇ ಆಗಿರುತ್ತದೆ, ಸಂತೆಯಲ್ಲಿ ಅದು ಗಮನಾರ್ಹವಾಗಿ ಏರುವುದಿಲ್ಲ. ಸಂತೆಯ ಹೆಂಗಸರ ಕೊಳಕು ಕೈಯೇ ಕಾರಣವೆಂಬ ಪೇಟೆಯ ಮಾತಿಗೆ ಇದು ಸರಿಯಾದ ಉತ್ತರ.

ಯಾವ ಸೊಪ್ಪು ಎಂಬುದನ್ನೂ ಕೇಳಬೇಕು. ಹರಿವೆ, ಪುಂಡಿ, ಗೆಣಸಿನ ಎಲೆ ಬೆಂದು ಸಾರಾಗುತ್ತವೆ, ಕುದಿತಕ್ಕೆ ರೋಗಾಣು ಉಳಿಯುವುದಿಲ್ಲ. ಅಪಾಯವಿರುವುದು ಹಸಿಯಾಗಿ ತಿನ್ನುವ ಲೆಟ್ಯೂಸ್, ಈರುಳ್ಳಿ ಸೊಪ್ಪು, ಎಲೆಕೋಸಿನಲ್ಲಿ. ಲೆಟ್ಯೂಸ್ ಪಶ್ಚಿಮ ಆಫ್ರಿಕದ ಮನೆಯೂಟಕ್ಕೆ ಸೇರಿದ್ದಲ್ಲ. ಯೂರೋಪಿಯನ್ನರ ಜೊತೆ ಬಂದ ಅದು ಇಂದು ಅಕ್ರಾದ ಬೀದಿಬದಿಯಲ್ಲಿ ಮಾರುವ ಫ್ರೈಡ್ ರೈಸ್ ಮತ್ತು ಅನ್ನ-ಅಲಸಂದೆ ಬೇಯಿಸಿದ ‘ವಾಚೆ’ಯ ಪಕ್ಕದಲ್ಲಿ ಒಂದು ಹಿಡಿಯಷ್ಟು ಬೀಳುತ್ತದೆ. ದಿನವೂ ಸುಮಾರು 2,00,000 ಅಕ್ರಾವಾಸಿಗಳು ಹೀಗೆ ಹೊರಗಡೆ ಈ ತೋಟಗಳ ಸೊಪ್ಪು ತಿನ್ನುತ್ತಾರೆಂಬುದು ಮೇಲೆ ಹೇಳಿದ ಸಂಶೋಧಕರ ಅಂದಾಜು. ಹಾಗಿರುವಾಗ ತಡೆ ಹಾಕಲು ಒಳ್ಳೆಯ ಜಾಗ ಬೀದಿಬದಿ ಅಡುಗೆಯವರ ಬಟ್ಟಲು. ಅವರ ಸಂಖ್ಯೆ ತಿನ್ನುವವರಿಗಿಂತ ಎಷ್ಟೋ ಕಡಿಮೆ.

ಈ ಸಮಾಧಾನ ಎಲ್ಲ ಕಡೆಗೂ ಹೊಂದುವುದಿಲ್ಲ ಎಂಬುದನ್ನು ಮರೆಮಾಚಬಾರದು. ಉತ್ತರ ನೈಜೀರಿಯಾದ ಕಾನೋ ನಗರದಲ್ಲಿ ಜಕಾರಾ ಹಳ್ಳದ ದಡದಲ್ಲಿ ತಲೆತಲಾಂತರದಿಂದ ತೋಟಗಳಿವೆ, ನಮ್ಮ ಏತದಂಥದೇ ಸಾಧನದಿಂದ ನೀರೆತ್ತುತ್ತಿದ್ದ ಊರು ಅದು. ಪೇಟೆಯ ಬೂದಿ, ಕಸ, ಸಗಣಿಯನ್ನು ಕತ್ತೆಗಳ ಮೇಲೆ ಹೇರಿ ಹೊಲಕ್ಕೆ ಸಾಗಿಸುವ ಅಲ್ಲಿಯ ಪದ್ಧತಿಯನ್ನು ಭೂಗೋಳಶಾಸ್ತ್ರಜ್ಞರು ಮೆಚ್ಚಿ ಬರೆದಿದ್ದಾರೆ. ಆದರೆ ಅದೇ ಊರು ಚರ್ಮ ಹದಮಾಡುವ ಕಾರ್ಖಾನೆಗಳಿಗೂ ಹೆಸರಾದದ್ದು. ಕ್ರೋಮಿಯಂ ಬೆರೆತ ನೀರು ಎಲೆಯೊಳಕ್ಕೆ ಸೇರಿದರೆ ತೊಳೆಯುವುದರಿಂದಲೂ ಹೋಗದು, ಬೇಯಿಸುವುದರಿಂದಲೂ ಹೋಗದು. ದಾರ್ ಎಸ್ ಸಲಾಮ್‌ನ ಮ್ಸಿಂಬಾಜಿ ನದೀಕಣಿವೆಯಲ್ಲೂ ಭಾರಲೋಹಗಳ ಆತಂಕವಿದೆ. ಇಲ್ಲಿ ಬೆಳೆಗಾರನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಹಿಡಿಯಬೇಕಾದದ್ದು ಕಾರ್ಖಾನೆಯ ಮೋರಿಯನ್ನು. ಬೆನಿನ್‌ನಂಥ ಹತ್ತಿ ಬೆಳೆಯುವ ದೇಶಗಳಲ್ಲಿ ಹತ್ತಿಗೆಂದು ಹಂಚಿದ ಕೀಟನಾಶಕ ಸೋರಿ ಎಲೆಕೋಸಿನ ಮಡಿಗೆ ಬರುವುದು ಇನ್ನೊಂದು ಸಮಸ್ಯೆ.

ಡಕಾರ್‌ನ ಕಥೆ ಬೇರೆಯೇ ರೀತಿಯದು. ಡಕಾರ್‌ನಿಂದ ಉತ್ತರಕ್ಕೆ ಸೇಂಟ್ ಲೂಯಿಯವರೆಗೆ ಅಟ್ಲಾಂಟಿಕ್ ತೀರಗುಂಟ ಸುಮಾರು 180 ಕಿ.ಮೀ. ಉದ್ದಕ್ಕೆ ಮರಳುದಿಬ್ಬಗಳ ನಡುವೆ ತಗ್ಗುಗಳಿವೆ. ಅವಕ್ಕೆ ‘ನಿಯಾಯ್’ ಎಂದು ಹೆಸರು. ಮಳೆ ಕಡಿಮೆ, ವರ್ಷಕ್ಕೆ ಮೂರ್ನಾಲ್ಕು ತಿಂಗಳು ಮಾತ್ರ. ಆದರೆ ತಗ್ಗಿನಲ್ಲಿ ಸಿಹಿನೀರು ಕೈಗೆಟಕುವಷ್ಟು ಮೇಲಿರುತ್ತದೆ. ಮರಳನ್ನು ಆಲಿಕೆಯಂತೆ ಇಳಿಜಾರಾಗಿ ತೋಡಿ, ಆ ಇಳಿಜಾರಿನಲ್ಲಿ ಕ್ಯಾನ್ ಹಿಡಿದು ಇಳಿದು ನೀರು ತುಂಬಿಕೊಳ್ಳುತ್ತಾರೆ. ಮರಳು ಹಾರಿ ತಗ್ಗು ಮುಚ್ಚದಂತೆ 1948ರಿಂದ ತೀರದಲ್ಲಿ ನೆಟ್ಟ ಮರ ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಗಾಳಿಮರವೇ. ದೇಶದ ತರಕಾರಿಯಲ್ಲಿ ದೊಡ್ಡ ಪಾಲು ಈ ಪಟ್ಟಿಯದು.

ಇಲ್ಲಿ ನೆಲ ಖರಾಬಲ್ಲ, ಒಳ್ಳೆಯ ನೆಲ. ಹಾಗಾಗಿ ಒತ್ತಡವೂ ಹೆಚ್ಚು. 1964ರ ರಾಷ್ಟ್ರೀಯ ಭೂ ಕಾನೂನು ದೇಶದ ಬಹುಪಾಲು ನೆಲವನ್ನು ರಾಷ್ಟ್ರದ ಸ್ವತ್ತೆಂದು ಘೋಷಿಸಿತು. ಬಳಸುವವನಿಗೆ ಬಳಕೆಯ ಹಕ್ಕು, ಮಾರುವ ಹಕ್ಕಿಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸಂಪ್ರದಾಯದಂತೆ ಆ ನೆಲದ ಒಡೆಯರಾಗಿದ್ದ ಲೆಬು ಕುಟುಂಬಗಳಿಗೆ, ಸರ್ಕಾರ ಯಾವತ್ತಾದರೂ ಕಿತ್ತುಕೊಳ್ಳಬಹುದು ಎಂಬ ಭಯ ಹುಟ್ಟಿದ ಮೇಲೆ, ತಗ್ಗುಗಳನ್ನು ನಿವೇಶನ ಮಾಡಿ ಗುಟ್ಟಾಗಿ ಮಾರುವುದೇ ಜಾಣತನವಾಯಿತು. ಕಾನೂನು ತಡೆಯಹೊರಟಿದ್ದನ್ನೇ ಕಾನೂನು ಅವಸರಪಡಿಸಿತು. 1970ರ ದಶಕದ ಬರಗಾಲದಲ್ಲಿ ಹಳ್ಳಿಗಳಿಂದ ಬಂದವರು ಪಿಕಿನ್ ಉಪನಗರದಲ್ಲಿ ಒಣಗಿದ್ದ ತಗ್ಗುಗಳಲ್ಲೇ ಮನೆ ಕಟ್ಟಿಕೊಂಡರು. ಆ ಪಿಕಿನ್ ಕೂಡ 1952ರಲ್ಲಿ ಡಕಾರ್‌ನ ನಡುವಿನಿಂದ ಒಕ್ಕಲೆಬ್ಬಿಸಿದವರಿಗಾಗಿ ಹುಟ್ಟಿದ ಊರು ಎಂಬುದನ್ನು ನೆನಪಿಡಬೇಕು. ಮಳೆ ಮರಳಿತು. 2005ರ ನೆರೆಯಲ್ಲಿ ಆ ಮನೆಗಳು ಮುಳುಗಿದವು. ಸರ್ಕಾರ ‘ಜಖಾಯ್’ ಎಂಬ ಯೋಜನೆಯಡಿ ಬೇರೆಡೆ ಮನೆ ಕಟ್ಟಿಸಿಕೊಡಬೇಕಾಯಿತು. 2009ರಲ್ಲಿ, 2012ರಲ್ಲಿ ಮತ್ತೆ ನೆರೆ. ತರಕಾರಿ ಮಡಿ ಒಂದು ವಾರ ನೀರಿನಡಿ ಇದ್ದರೆ ಒಂದು ಬೆಳೆ ಹೋಗುತ್ತದೆ. ಮನೆ ಇದ್ದರೆ ಬದುಕೇ ಹೋಗುತ್ತದೆ. ತಗ್ಗುಪ್ರದೇಶದ ತೋಟಗಳನ್ನು ಉಳಿಸಿಕೊಳ್ಳಬೇಕೆಂಬ ವಾದಕ್ಕೆ ಸೊಪ್ಪಿನ ಲೆಕ್ಕಕ್ಕಿಂತ ಈ ಲೆಕ್ಕವೇ ಬಲವಾದ ಆಧಾರವೆಂದು ನನ್ನ ಅಭಿಪ್ರಾಯ.

ಹಾಗೆಂದು ಎಲ್ಲ ಮಡಿಗಳನ್ನೂ ಶಾಶ್ವತವಾಗಿ ಕಾಯಬೇಕೆಂದು ನಾನು ವಾದಿಸುತ್ತಿಲ್ಲ. ಒಂದು ಚದರ ಮೀಟರ್ ಹರಿವೆಯ ಆದಾಯ ಅದೇ ಜಾಗದ ಬಹುಮಹಡಿ ಕಟ್ಟಡದ ಬಾಡಿಗೆಯ ಮುಂದೆ ಎಂದೂ ನಿಲ್ಲಲಾರದು. ನಗರಕೃಷಿಯನ್ನು ಹಾಡಿಹೊಗಳುವ ಸಾಹಿತ್ಯ ಈ ಸತ್ಯವನ್ನು ನುಂಗಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 1996ರಲ್ಲಿ ಹೊರತಂದ ಪುಸ್ತಕವೊಂದು ಜಗತ್ತಿನಲ್ಲಿ 80 ಕೋಟಿ ಜನ ನಗರಕೃಷಿಯಲ್ಲಿ ತೊಡಗಿದ್ದಾರೆಂದು ಹೇಳಿತು. ಕುಂಡದಲ್ಲಿ ಕೊತ್ತಂಬರಿ ಬೆಳೆಯುವವರನ್ನೂ ಮಾರಾಟಕ್ಕೆ ಬೆಳೆಯುವವರನ್ನೂ ಒಂದೇ ತಕ್ಕಡಿಗೆ ಹಾಕಿದ ಸಂಖ್ಯೆ ಅದು. ಎರಡೇ ವರ್ಷದಲ್ಲಿ ಬ್ರಿಟನ್ನಿನ ಅಭಿವೃದ್ಧಿ ಅರ್ಥಶಾಸ್ತ್ರಜ್ಞರು ಇದನ್ನು ಕಟುವಾಗಿ ಪ್ರಶ್ನಿಸಿ, ನಗರದ ಬಡವರ ಹಸಿವಿಗೆ ಉತ್ತರ ಹಳ್ಳಿಯ ಬೇಸಾಯ ಮತ್ತು ರಸ್ತೆಗಳಲ್ಲಿದೆ ಎಂದರು. ಅವರ ಮಾತು ಧಾನ್ಯಕ್ಕೆ ಸರಿ. ಬಾಡುವ ಸೊಪ್ಪಿಗೆ ಒಪ್ಪುವುದಿಲ್ಲ.

ತೋಟಕ್ಕೂ ಪೇಟೆಗೂ ನಡುವೆ ನಿಂತವರ ಬಗ್ಗೆ ಒಂದು ಮಾತು. ಘಾನಾದಲ್ಲಿ ಮಡಿ ಮಾಡುವವರು ಹೆಚ್ಚಾಗಿ ಗಂಡಸರು, ಅವರಲ್ಲಿ ಬಹಳ ಮಂದಿ ಉತ್ತರದ ಒಣಪ್ರದೇಶಗಳಿಂದ ವಲಸೆ ಬಂದವರು. ಮಾರುವವರು ಹೆಂಗಸರು. ಕಾಂಗೋ, ಸಿಯೆರಾ ಲಿಯೋನ್‌ಗಳಲ್ಲಿ ಬೆಳೆಯುವವರಲ್ಲೂ ಹೆಂಗಸರೇ ಮುಂದು. ಅಕ್ರಾದ ಸಗಟು ವ್ಯಾಪಾರದ ಹೆಣ್ಣುಮಗಳು ಮಡಿಯ ಲೆಕ್ಕದಲ್ಲಿ ಬೆಳೆ ಕೊಳ್ಳುತ್ತಾಳೆ. ಎಲೆ ಇನ್ನೂ ಎಳೆಯದಾಗಿರುವಾಗಲೇ ದರ ಮಾತಾಡಿ, ಬೀಜಕ್ಕೋ ಗೊಬ್ಬರಕ್ಕೋ ಮುಂಗಡ ಕೊಟ್ಟು, ಬೆಳೆದ ಮೇಲೆ ತಾನೇ ಬಂದು ಕಿತ್ತುಕೊಂಡು ಹೋಗುತ್ತಾಳೆ. ಕೆಲವು ಅಧಿಕಾರಿಗಳಿಗೆ ಇದು ದಲ್ಲಾಳಿಗಳ ಶೋಷಣೆಯಾಗಿ ಕಾಣುತ್ತದೆ. ದರದಲ್ಲಿ ಜಗ್ಗಾಟ ಇದ್ದೇ ಇದೆ. ಆದರೆ ಕಾಗದವಿಲ್ಲದ ಬೆಳೆಗಾರನಿಗೆ ಸಾಲ ಕೊಡಲು ಮುಂದೆ ಬರುವವರು ಇವರೇ. ಅವರ ನಂಬಿಕೆಯ ಅವಧಿಯೂ ಒಂದು ಬೆಳೆಯದು ಎಂಬುದನ್ನು ಗಮನಿಸಬೇಕು. ಬಾವಿಗೆ ಸಾಲ ಅವರೂ ಕೊಡುವುದಿಲ್ಲ.

ಕಾನೂನುಗಳು ಬದಲಾಗಿಯೇ ಇಲ್ಲವೆಂದಲ್ಲ. ಟಾಂಜಾನಿಯಾ 1992ರಲ್ಲಿ ನಗರಕೃಷಿ ನಿಯಮಾವಳಿ ಮಾಡಿ ಮೂರು ಎಕರೆವರೆಗೆ ಅವಕಾಶ ಕೊಟ್ಟಿತು. ಉಗಾಂಡಾದ ಕಂಪಾಲಾ 2006ರಲ್ಲಿ ನಗರಕೃಷಿಯ ಉಪವಿಧಿಗಳನ್ನು ಜಾರಿಗೆ ತಂದಿತು. ಅನುಮತಿ ಪತ್ರವೇನೋ ಬಂತು. ಅದಕ್ಕೆ ಅರ್ಜಿ, ಶುಲ್ಕ, ತನಿಖೆ ಎಲ್ಲ ಸೇರಿಕೊಂಡವು. ಸ್ವಂತ ಅಂಗಳವಿದ್ದವನಿಗೆ ಅದು ಸುಲಭ, ಹಳ್ಳದ ದಡದವನಿಗೆ ನೆಲದ ದಾಖಲೆ ಕೇಳಿದರೆ ಮಾತು ಅಲ್ಲಿಗೇ ನಿಂತಿತು. ಕಾಂಗೋ ಹಿಡಿದ ದಾರಿ ಹೆಚ್ಚು ನೇರವಾದದ್ದು. 1991 ಮತ್ತು 1993ರ ಲೂಟಿಗಳು, ಆಮೇಲಿನ ಯುದ್ಧಗಳಿಂದ ಕಿನ್ಶಾಸಾದ ಪೂರೈಕೆ ಹದಗೆಟ್ಟಾಗ ಎನ್‌ಜಿಲಿ ಕಣಿವೆಯ ತೋಟಗಳು ಹಿಗ್ಗಿದವು. 2000ದಿಂದ ಹತ್ತು ವರ್ಷ ಬೆಲ್ಜಿಯಂನ ಹಣದಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ಐದು ನಗರಗಳಲ್ಲಿ ಕೆಲಸ ಮಾಡಿತು. ಅದು ಮೊದಲು ಕೈಹಾಕಿದ ವಿಷಯಗಳಲ್ಲಿ ನೆಲದ ಹಕ್ಕೂ ಒಂದು: ಸುಮಾರು 20,000 ಬೆಳೆಗಾರರು ದುಡಿಯುತ್ತಿದ್ದ 1,600 ಹೆಕ್ಟೇರ್ ತೋಟಗಳ ಹಕ್ಕನ್ನು ಸಕ್ರಮಗೊಳಿಸಲು ನೆರವಾಯಿತು. ಅದೇ ಯೋಜನೆ 40 ನೀರಾವರಿ ಕಟ್ಟಡಗಳನ್ನು ಕಟ್ಟಿಸಿತು ಅಥವಾ ದುರಸ್ತಿ ಮಾಡಿತು. ನೆಲ ಖಾತ್ರಿಯಾದ ಕಡೆ ನೀರಿಗೆ ಹಣ ಹೂಡಲು ಧೈರ್ಯ ಬರುತ್ತದೆ ಎಂಬ ನನ್ನ ವಾದಕ್ಕೆ ಇದು ಸಾಕ್ಷ್ಯ.

ಅಕ್ರಾದ ವಿದ್ಯುತ್ ತಂತಿಗಳ ಕೆಳಗಿನ ನೆಲಕ್ಕೆ ಪಟ್ಟಾ ಕೊಡಲು ಆಗದು, ಕೊಡಲೂಬಾರದು. ಆದರೆ ಐದು ವರ್ಷದ ಲಿಖಿತ ಪರವಾನಗಿ ಕೊಡಬಹುದು. ತೆರವು ಮಾಡಿಸುವುದಾದರೆ ಆರು ತಿಂಗಳ ನೋಟಿಸು ಕಡ್ಡಾಯ ಮಾಡಬಹುದು. ಎರಡು ಅಂಕಣದ ನೀರುಗುಂಡಿ ತೋಡಲು, ತೆಗೆದೊಯ್ಯಬಹುದಾದ ಪಂಪುಪೆಟ್ಟಿಗೆ ಇಡಲು ಅದರಲ್ಲೇ ಅನುಮತಿ ಬರೆಯಬಹುದು. ಬದಲಿಗೆ ಹಸಿ ಗೊಬ್ಬರ ಹಾಕುವುದಿಲ್ಲ, ಕಲಕಿದ ನೀರು ಹಾಯಿಸುವುದಿಲ್ಲ ಎಂದು ಬೆಳೆಗಾರರ ಸಂಘದಿಂದ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಇದರಿಂದ ವಿದ್ಯುತ್ ಸಂಸ್ಥೆ ಕಳೆದುಕೊಳ್ಳುವುದು ಏನೂ ಇಲ್ಲ. ತಂತಿ ಇರುವವರೆಗೆ ಅಲ್ಲಿ ಮನೆ ಏಳುವುದಿಲ್ಲವಷ್ಟೆ.

ಕೊನೆಯದಾಗಿ ಬೀಜದ ವಿಷಯ. ಇದರ ಬಗ್ಗೆ ಚರ್ಚೆ ಕಡಿಮೆ. ಲೆಟ್ಯೂಸ್, ಎಲೆಕೋಸಿನ ಬೀಜ ಹೊರದೇಶದಿಂದ ಡಬ್ಬಿಯಲ್ಲಿ ಬರುತ್ತದೆ. ಹರಿವೆ, ಗಣಿಕೆ, ಪುಂಡಿಯ ಬೀಜ ಬೆಳೆಗಾರನ ಕೈಯಲ್ಲೇ ಇರಬೇಕು. ತರಕಾರಿ ಸಂಶೋಧನೆಯ ಅಂತರರಾಷ್ಟ್ರೀಯ ಕೇಂದ್ರವೊಂದು 1992ರಲ್ಲಿ ಟಾಂಜಾನಿಯಾದ ಅರುಷಾದಲ್ಲಿ ಶಾಖೆ ತೆರೆದು, ವಸಾಹತು ಕಾಲದ ಕೃಷಿ ಇಲಾಖೆಗಳು ಕಳೆಯೆಂದು ಕಡೆಗಣಿಸಿದ್ದ ಈ ಸೊಪ್ಪುಗಳ ತಳಿಗಳನ್ನು ಕೂಡಿಹಾಕಿ ಸುಧಾರಿಸುತ್ತಿದೆ. ಒಳ್ಳೆಯ ತಳಿ ಸಿಕ್ಕರೂ ಬೀಜ ಮಾಡಿಕೊಳ್ಳಲು ಮಡಿಯೊಂದನ್ನು ಕೊಯ್ಯದೆ ಬಿಡಬೇಕು. ಹರಿವೆ ತೆನೆ ಬಿಟ್ಟು, ಕಾಳು ಒಣಗಿ, ಬಡಿದು ತೂರುವ ಹೊತ್ತಿಗೆ ಮೂರು ತಿಂಗಳಿಗೂ ಹೆಚ್ಚು. ಅಷ್ಟರಲ್ಲಿ ಪಕ್ಕದ ಮಡಿಯಿಂದ ಮೂರು ಸಲ ಸೊಪ್ಪು ಮಾರಿ ದುಡ್ಡು ಎಣಿಸಬಹುದಿತ್ತು. ಮುಂದಿನ ಬೆಳೆಗೆ ಇದೇ ನೆಲ ಸಿಗುತ್ತದೆಂದು ನಂಬಿದವನು ಮಾತ್ರ ಹಾಗೆ ಬಿಡುತ್ತಾನೆ. ಉಳಿದವರು ಪೇಟೆಯಲ್ಲಿ ಸಿಕ್ಕ ಬೀಜ ತರುತ್ತಾರೆ, ಅದು ಮೊಳೆತರೆ ಮೊಳೆಯಿತು. ನಗರದಂಚಿನ ತೋಟಗಳ ಸಮೀಕ್ಷೆಗೆ ಹೋಗುವ ಸಂಶೋಧಕರು ಎಕರೆ, ಟನ್ನು, ಕೋಲಿಫಾರ್ಮ್‌ಗಳ ಜೊತೆಗೆ ಬೀಜಕ್ಕೆ ಬಿಟ್ಟ ಮಡಿಗಳು ಎಷ್ಟೆಂಬುದನ್ನೂ ಎಣಿಸಿದರೆ, ನೆಲದ ಹಕ್ಕಿನ ಬಗ್ಗೆ ಯಾವ ಪ್ರಶ್ನಾವಳಿಯೂ ಹೊರತೆಗೆಯದ ಮಾಹಿತಿ ಅವರಿಗೆ ಸಿಗುತ್ತದೆ.